ಸಹಾಯ ಬೇಕು: ಹೆಮಟೈಟ್ ಪುಡಿಯಿಂದ ಬರುವ ಆಕ್ಸಿಜನ್ ಮಧ್ಯದಲ್ಲೇ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ. ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಪುಡಿ ಬಳಸಿ, ಬೆಳಕಿನ ಬಲದಿಂದ ನೀರಿನಿಂದ ಆಕ್ಸಿಜನ್ ಬಿಡಿಸುವುದು ನನ್ನ ಪ್ರಾಜೆಕ್ಟ್.

ಫೆರಿಕ್ ಕ್ಲೋರೈಡ್ ದ್ರಾವಣ ಕಾಯಿಸಿ, ಬಂದ ಹಳದಿ ಪುಡಿಯನ್ನು ಕ್ಲೋರೈಡ್ ಹೋಗುವವರೆಗೂ ತೊಳೆದು, 500 ಡಿಗ್ರಿಯಲ್ಲಿ ಸುಟ್ಟೆ. ಒಳ್ಳೆ ಕೆಂಪು ಹೆಮಟೈಟ್ ಸಿಕ್ಕಿತು. ಇಲ್ಲಿನ ಮಳೆಗಾಲದ ತೇವಕ್ಕೆ ಡೆಸಿಕೇಟರ್‌ನಲ್ಲೇ ಇಟ್ಟಿದ್ದೇನೆ.

ಹೆಮಟೈಟ್‌ನ ಮೇಲೆ ಬೆಳಕು ಬಿದ್ದಾಗ ಏಳುವ ಎಲೆಕ್ಟ್ರಾನ್‌ಗೆ ನೀರಿನಿಂದ ಹೈಡ್ರೋಜನ್ ಬಿಡಿಸುವಷ್ಟು ಶಕ್ತಿ ಇಲ್ಲ, ಅಲ್ವಾ? ಅದಕ್ಕೇ ಎಲೆಕ್ಟ್ರಾನ್ ಹಿಡಿಯಲು ಸಿಲ್ವರ್ ನೈಟ್ರೇಟ್ ಹಾಕಿದೆ. ನೈಟ್ರೋಜನ್ ಹಾಯಿಸಿ ಗಾಳಿ ತೆಗೆದು, ಫ್ಲಾಸ್ಕ್ ಮುಚ್ಚಿ, ಎಲ್ಇಡಿ ಬೆಳಕು ಬಿಟ್ಟೆ. ನೀರು ಬಿಸಿಯಾಗದಂತೆ ಸುತ್ತ ತಣ್ಣೀರು ಹರಿಸಿದೆ. ಮೀಟರ್‌ನಲ್ಲಿ ಕರಗಿದ ಆಕ್ಸಿಜನ್ ಏರುತ್ತದೆ. ಕತ್ತಲಲ್ಲಿ ಏರುವುದಿಲ್ಲ, ಪುಡಿ ಇಲ್ಲದೆಯೂ ಏರುವುದಿಲ್ಲ. ಇದು ನೋಡಿ ತುಂಬಾ ಖುಷಿಯಾಗಿತ್ತು.

ಆದರೆ ಸ್ವಲ್ಪ ಹೊತ್ತಿಗೆ ಏರಿಕೆ ನಿಂತುಬಿಡುತ್ತದೆ. ಪುಡಿ ಮೇಲೆ ಬೆಳ್ಳಿ ಕೂತು ಕಪ್ಪಾಗುತ್ತದೆ, ಪಿಎಚ್ ಇಳಿಯುತ್ತದೆ (ಅಂದರೆ ನೀರು ಆಮ್ಲೀಯವಾಗುತ್ತದೆ). ಸೋಸಿ ಹೊಸ ಸಿಲ್ವರ್ ನೈಟ್ರೇಟ್ ಹಾಕಿದರೂ ಮೊದಲಿನ ವೇಗ ಬರಲಿಲ್ಲ. ಪಿಎಚ್ ಇಳಿಯದಂತೆ ಫಾಸ್ಫೇಟ್ ಬಫರ್ ಹಾಕೋಣವೆಂದರೆ ಸಿಲ್ವರ್ ಫಾಸ್ಫೇಟ್ ಆಗಿ ತಳಕ್ಕೆ ಕೂರುತ್ತದೆ, ಅದೂ ಬೆಳಕಲ್ಲಿ ಆಕ್ಸಿಜನ್ ಕೊಡುವ ವಸ್ತುವೇ! ಲ್ಯಾಂಥನಮ್ ಆಕ್ಸೈಡ್ ಹಾಕಿ ಪಿಎಚ್ ಹಿಡಿಯುತ್ತಾರೆ, ಆದರೆ ನಮ್ಮ ಲ್ಯಾಬಿನಲ್ಲಿ ಅದಿಲ್ಲ. ಎಲೆಕ್ಟ್ರಾನ್ ಹಿಡಿಯಲು ಸಿಲ್ವರ್ ನೈಟ್ರೇಟ್ ಬದಲು ಹಾಕಬಹುದಾದ ಸೋಡಿಯಂ ಪರ್ಸಲ್ಫೇಟ್ ಇದೆ. ಅದು ಬೆಳಕಿಗೆ ತಾನೇ ಒಡೆಯಬಹುದು, ಆಗ ಲೆಕ್ಕ ಕಲಸುಮೇಲೋಗರ.

ಬೆಳ್ಳಿ ಕೂತು ಬೆಳಕು ತಡೆಯುತ್ತಿದೆಯೋ, ಪಿಎಚ್ ಇಳಿದದ್ದೇ ಕಾರಣವೋ? ಇವೆರಡನ್ನು ಬೇರ್ಪಡಿಸಿ ನೋಡಲು ಸಾಮಾನ್ಯ ಲ್ಯಾಬಿನಲ್ಲಿ ಮಾಡಬಹುದಾದ ಪ್ರಯೋಗ ಯಾವುದು? ಪರ್ಸಲ್ಫೇಟ್ ಬಳಸಿದವರು ಯಾವ ಪಿಎಚ್, ಯಾವ ಬೆಳಕು ಇಟ್ಟಿದ್ದಿರಿ? ದಯವಿಟ್ಟು ತಿಳಿಸಿ.