ಮೊದಲ ಸಲ ಪರ್ಸನಲ್ ಟ್ರೈನರ್ ಹತ್ತಿರ ಹೋಗುತ್ತಿದ್ದೇನೆ, ಏನು ಮಾಡಿಸುತ್ತಾರೆ?

ಪ್ರಶ್ನೆ:
ನನಗೆ 41. ತುಮಕೂರಿನ ಎಸ್.ಎಸ್. ಪುರಂನಲ್ಲಿ ಮನೆ. ದಿನವಿಡೀ ಅಂಗಡಿ ಗಲ್ಲಾದಲ್ಲಿ ಕೂತೇ ಇರುತ್ತೇನೆ. ಕಳೆದ ತಿಂಗಳು ದೇವರಾಯನದುರ್ಗದ ಮೆಟ್ಟಿಲು ಹತ್ತುವಾಗ ಮಗಳು ಮೇಲೆ ನಿಂತು ನನಗಾಗಿ ಕಾಯಬೇಕಾಯಿತು. ಸೋಮವಾರದಿಂದ ಟ್ರೈನಿಂಗ್ ಶುರು. ಮೊದಲ ದಿನವೇ ಭಾರ ಎತ್ತಿಸುತ್ತಾರಾ? ಎಡ ಮಂಡಿ ಸ್ವಲ್ಪ ನೋವಿದೆ, ಹೇಳಬೇಕಾ?

ಉತ್ತರ 1:
ಮಂಡಿ ವಿಷಯ ಮೊದಲೇ ಹೇಳಿ, ಮುಚ್ಚಿಡಬೇಡಿ. ನಾನು ಬೆನ್ನುನೋವು ಹೇಳದೆ ಸುಮ್ನಿದ್ದೆ. ಮೂರನೇ ದಿನಕ್ಕೆ ಹಾಸಿಗೆ ಹಿಡಿದೆ. ತಪ್ಪು ನನ್ನದೇ ಬಿಡಿ.

ಒಳ್ಳೆಯ ಟ್ರೈನರ್ ಮೊದಲ ದಿನ ಜಾಸ್ತಿ ಪ್ರಶ್ನೆಯನ್ನೇ ಕೇಳುತ್ತಾರೆ. ಬಿಪಿ, ಶುಗರ್, ಹಳೇ ಪೆಟ್ಟು, ನಿದ್ದೆ, ತಗೊಳ್ಳೋ ಮಾತ್ರೆ. ಎರಡನೇ ಸಲ ಸೇರಿದಾಗ ನನ್ನನ್ನು ಒಂದು ಪ್ಲಾಸ್ಟಿಕ್ ಕುರ್ಚಿ ಮುಂದೆ ನಿಲ್ಲಿಸಿ, ಕೈ ಊರದೆ ಹತ್ತು ಸಲ ಕೂತು ಏಳಿ ಎಂದರು. ಇಷ್ಟಕ್ಕೆ ದುಡ್ಡು ಕೊಟ್ಟೆನಾ ಅನ್ನಿಸಿತು. ಆರನೇ ಸಲಕ್ಕೆ ಮಂಡಿ ಒಳಗೆ ವಾಲಿತು. ಅವರು ಅದನ್ನೇ ಬರೆದುಕೊಂಡರು.

ಮೈಕೈ ನೋವು ಮಾರನೇ ದಿನ ಶುರುವಾಗಿ 2-3ನೇ ದಿನ ಜೋರಾಗುತ್ತದೆ. ಅದು ಸಹಜ. ಕೀಲಿನಲ್ಲಿ ಚುಚ್ಚಿದರೆ ಮಾತ್ರ ತಕ್ಷಣ ನಿಲ್ಲಿಸಿ.

ಉತ್ತರ 2:
ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ಒಂದು ತಿಂಗಳು ನೋಡಿ. ಮೊದಲ ವಾರವೇ ಪೌಡರ್ ಡಬ್ಬ ತಗೊಳ್ಳಿ ಅಂದರೆ ನಯವಾಗಿ ಬೇಡ ಅನ್ನಿ. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಅಲ್ವಾ? ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡಿ ಅಂದಿದ್ದನ್ನು ಮಾತ್ರ ನಾನು ಇನ್ನೂ ಕೇಳಿಲ್ಲ.

ಪ್ರಶ್ನೆ ಕೇಳಿದವರು:
ಕುರ್ಚಿ ಪರೀಕ್ಷೆ ಈಗಷ್ಟೇ ಅಂಗಡಿಯಲ್ಲಿ ಮಾಡಿದೆ. ಏಳನೆಯದಕ್ಕೆ ಗಲ್ಲಾಪೆಟ್ಟಿಗೆ ಹಿಡಿದುಕೊಂಡೆ. ಸಕ್ಕರೆಗೆ ಬಂದಿದ್ದ ಗಿರಾಕಿ ನೋಡಿಬಿಟ್ಟರು.