ಅಶ್ವಗಂಧ: 500 ಅಂದರೆ 300ಕ್ಕಿಂತ ಜಾಸ್ತಿ ಅಲ್ವಾ?

ಪ್ರಶ್ನೆ: ಎರಡು ತಿಂಗಳಿಂದ ಅಶ್ವಗಂಧ ಬೇರಿನ ಎಕ್ಸ್‌ಟ್ರ್ಯಾಕ್ಟ್ ತೆಗೆದುಕೊಳ್ಳುತ್ತಿದ್ದೇನೆ. ರಾತ್ರಿ ಊಟ ಆದಮೇಲೆ 300 ಮಿ.ಗ್ರಾಂ.ನ ಒಂದು ಕ್ಯಾಪ್ಸೂಲ್. ಆ ಡಬ್ಬಿ ಮುಗಿಯಿತು. ಈಗ ತಂದ ಬೇರೆ ಕಂಪನಿಯದ್ದು 500. ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಕಾಗದದ ಮೇಲೆ ಸುರಿದು, ಕಣ್ಣಂದಾಜಿನಲ್ಲಿ ಅರ್ಧ ಮಾಡುತ್ತಿದ್ದೇನೆ. ಸ್ವಲ್ಪ ಪುಡಿ ಬೆರಳಿಗೇ ಅಂಟುತ್ತದೆ! ಇದು ಸರಿನಾ?

ಉತ್ತರ: ಮೊದಲು ಬಿಚ್ಚೋದು ನಿಲ್ಲಿಸಿ. ಬರೀ ತೂಕ ನೋಡಬೇಡಿ. ಲೇಬಲ್‌ನಲ್ಲಿ ವಿಥನೊಲೈಡ್ (ಅಶ್ವಗಂಧದಲ್ಲಿ ಕೆಲಸ ಮಾಡುವ ಮುಖ್ಯ ಅಂಶ) ಎಷ್ಟು ಪರ್ಸೆಂಟ್ ಅಂತ ಇದೆ?

ಕೇಳಿದವರು: ಹಳೇದು 5%, ಹೊಸದು 2.5%.

ಉತ್ತರ: ಹಾಗಾದರೆ 300ರಲ್ಲಿ 15 ಮಿ.ಗ್ರಾಂ., 500ರಲ್ಲಿ 12.5. ದೊಡ್ಡದರಲ್ಲೇ ಕಡಿಮೆ! ಅರ್ಧ ಮಾಡಿದರೆ ಆರು ಚಿಲ್ಲರೆ, ಅಷ್ಟೇ. ಕೆಲವು ಡಬ್ಬಿ ಮೇಲೆ 10:1 ಅಂತ ಇರುತ್ತದೆ. ಅದು 10 ಗ್ರಾಂ ಬೇರಿನಿಂದ 1 ಗ್ರಾಂ ಸಾರ ತೆಗೆದ ಲೆಕ್ಕ. ವಿಥನೊಲೈಡ್ ಎಷ್ಟು ಅಂತ ಅದು ಹೇಳುವುದಿಲ್ಲ. ಅದನ್ನೇ ನಂಬಿ ನಾನೊಮ್ಮೆ ಸುಮ್ನೆ ಎರಡು ನುಂಗಿ ಮಧ್ಯಾಹ್ನವೆಲ್ಲ ತೂಕಡಿಸಿದ್ದೆ.

ಇನ್ನೊಬ್ಬರು: ಲೆಕ್ಕ ಸರಿ. ಆದರೆ ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ಏನಾದರೂ ಇದೆಯಾ? ಇದ್ದರೆ ಡಾಕ್ಟರಿಗೆ ಡಬ್ಬಿಯನ್ನೇ ತೋರಿಸಿ.

ಕೇಳಿದವರು: ಅಯ್ಯೋ, ಥೈರಾಯ್ಡ್ ಮಾತ್ರೆ ಇದೆ. ಡಾಕ್ಟರಿಗೆ ಇದನ್ನು ಹೇಳೇ ಇಲ್ಲ. ಅಶ್ವಗಂಧ ಇವತ್ತಿಗೆ ನಿಲ್ಲಿಸಿದೆ. ಎರಡೂ ಡಬ್ಬಿ ಬ್ಯಾಗಿಗೆ ಹಾಕಿಕೊಂಡಿದ್ದೇನೆ.