ಎರಡನೆಯ ಭಾಷೆಯಾಗಿ ಕಲಿತ ವೆಲ್ಷ್‌ನಲ್ಲಿ ಪದವಿ: ಮಗಳ ವರ್ಕ್ ಪ್ಲೇಸ್‌ಮೆಂಟ್ ಕುರಿತು ಸಲಹೆ ಬೇಕಾಗಿದೆ

ಪ್ರಶ್ನೆ — ಕಾರ್ಡಿಫ್ ನಿವಾಸಿ

ಎಲ್ಲರಿಗೂ ನಮಸ್ಕಾರ.

ನಾವು ಹಾಸನದ ಕಡೆಯವರು, ಪತಿಯ ಉದ್ಯೋಗದ ನಿಮಿತ್ತ ಕಾರ್ಡಿಫ್‌ನಲ್ಲಿ ನೆಲೆಸಿದ್ದೇವೆ. ಮಗಳು ಇಲ್ಲಿಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿದಳು. ವೇಲ್ಸ್‌ನ ಸರ್ಕಾರಿ ಶಾಲೆಗಳಲ್ಲಿ ಹದಿನಾರನೆಯ ವಯಸ್ಸಿನವರೆಗೆ ವೆಲ್ಷ್ ಕಡ್ಡಾಯವಾಗಿರುವುದರಿಂದ ಅವಳೂ ಅದನ್ನು ಎರಡನೆಯ ಭಾಷೆಯಾಗಿ ಕಲಿತಳು. ಸಹಪಾಠಿಗಳಲ್ಲಿ ಹೆಚ್ಚಿನವರು ಅಲ್ಲಿಗೇ ಬಿಟ್ಟರೂ ಇವಳು ನಮ್ಮ ಪಿಯುಸಿಯಂತಹ ಎ ಲೆವೆಲ್‌ಗೂ ಅದನ್ನು ಉಳಿಸಿಕೊಂಡಳು. ಈಗ ಪದವಿಯನ್ನೂ ವೆಲ್ಷ್‌ನಲ್ಲಿಯೇ ಮಾಡುವೆನೆಂದು ನಿಶ್ಚಯಿಸಿದ್ದಾಳೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದವಳು ಮೂರನೆಯದೊಂದು ಭಾಷೆಯನ್ನು ತಾನಾಗಿಯೇ ಪ್ರೀತಿಸಿ ಆರಿಸಿಕೊಂಡಿರುವುದು ನನಗೆ ಸಂತೋಷವನ್ನೇ ತಂದಿದೆ.

ಆದರೂ ಕೆಲವು ವಿಷಯಗಳು ಸ್ಪಷ್ಟವಾಗುತ್ತಿಲ್ಲ. ತರಗತಿಯಲ್ಲಿ ವೆಲ್ಷ್ ಮನೆಮಾತಾಗಿರುವವರ ಜೊತೆಗೆ ಕುಳಿತು ಓದುವಾಗ ಇವಳು ಹಿಂದೆ ಬೀಳುವುದಿಲ್ಲವೇ? ಓದಿನ ಅಂಗವಾಗಿ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡುವ ವರ್ಕ್ ಪ್ಲೇಸ್‌ಮೆಂಟ್ ಇರುತ್ತದೆಂದು ಕೇಳಿದ್ದೇವೆ. ಭಾಷೆಯನ್ನು ಇನ್ನೂ ಕಲಿಯುತ್ತಿರುವವರಿಗೆ ಅಲ್ಲಿ ಎಂತಹ ಕೆಲಸ ಕೊಡುತ್ತಾರೆ, ಸ್ಥಳವನ್ನು ಹೇಗೆ ಆಯ್ದುಕೊಳ್ಳಬೇಕು? ಮುಂದೆ ಉದ್ಯೋಗ ದೊರೆಯುವುದೇ ಎಂಬುದು ಅವಳ ತಂದೆಯ ಪ್ರಶ್ನೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕೆಂದು ವಿನಂತಿ.

ಉತ್ತರ — ಭಾಷಾ ಘಟಕದ ಉದ್ಯೋಗಿ

ನಮಸ್ಕಾರ ಮೇಡಂ. ನಾನು ಮೈಸೂರಿನಲ್ಲಿ ಏಳನೆಯ ತರಗತಿಯವರೆಗೆ ಓದಿ ಅನಂತರ ತಂದೆತಾಯಿಯೊಂದಿಗೆ ವೇಲ್ಸ್‌ಗೆ ಬಂದವಳು. ವೆಲ್ಷ್ ಅನ್ನು ಎರಡನೆಯ ಭಾಷೆಯಾಗಿ ಕಲಿತು, ಅದರಲ್ಲಿಯೇ ಪದವಿ ಪಡೆದು, ಈಗ ಒಂದು ಸಾರ್ವಜನಿಕ ಸಂಸ್ಥೆಯ ವೆಲ್ಷ್ ಭಾಷಾ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿಗೆ ಪ್ಲೇಸ್‌ಮೆಂಟ್‌ಗೆಂದು ಬರುವ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವುದೂ ನನ್ನ ಹೊಣೆ.

ಮೊದಲು ತರಗತಿಯ ವಿಚಾರ. ವಿಶ್ವವಿದ್ಯಾಲಯಗಳ ವೆಲ್ಷ್ ವಿಭಾಗಗಳು ಎರಡನೆಯ ಭಾಷೆಯವರನ್ನು ಹೊರಗಿನವರೆಂದು ಎಣಿಸುವುದಿಲ್ಲ. ಸಾಮಾನ್ಯವಾಗಿ ಮೊದಲ ವರ್ಷಗಳಲ್ಲಿ ವ್ಯಾಕರಣ, ಬರವಣಿಗೆ ಮತ್ತು ಮಾತುಗಾರಿಕೆಗೆ ಅವರಿಗೆ ಪ್ರತ್ಯೇಕ ತರಗತಿಗಳಿರುತ್ತವೆ. ಸಾಹಿತ್ಯದ ತರಗತಿಗಳಲ್ಲಿ ಕ್ರಮೇಣ ಎಲ್ಲರೂ ಒಟ್ಟಾಗುತ್ತಾರೆ. ಕೊನೆಯ ವರ್ಷದ ಹೊತ್ತಿಗೆ ಯಾರು ಯಾವ ದಾರಿಯಿಂದ ಬಂದವರೆಂಬುದು ಮುಖ್ಯವಾಗಿ ಉಳಿಯುವುದಿಲ್ಲ. ಮನೆಮಾತಿನವರಿಗೆ ಮಾತಿನ ಸಲೀಸು ಇದ್ದೇ ಇರುತ್ತದೆ, ಆದರೆ ವ್ಯಾಕರಣದ ನಿಯಮಗಳನ್ನು ಹೆಸರಿಟ್ಟು ವಿವರಿಸುವಲ್ಲಿ ಎರಡನೆಯ ಭಾಷೆಯವರೇ ಮುಂದಿರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಇನ್ನು ಪ್ಲೇಸ್‌ಮೆಂಟ್. ಇದು ಎರಡು ಬಗೆಯಲ್ಲಿ ಬರಬಹುದು: ವರ್ಷದ 120 ಕ್ರೆಡಿಟ್‌ಗಳಲ್ಲಿ ಒಂದು ಪಾಠವಾಗಿ ಕೆಲವು ದಿನ ಅಥವಾ ವಾರಗಳ ಮಟ್ಟಿಗೆ, ಇಲ್ಲವೇ ಪದವಿಯ ನಡುವೆ ಇಡೀ ಒಂದು ವರ್ಷ. ಕಾರ್ಡಿಫ್‌ನ ವೆಲ್ಷ್ ವಿಭಾಗದಲ್ಲಿ ‘ಅರ್ ಯೈತ್ ಅರ್ ವೈತ್’ ಎಂಬ, ಉದ್ಯೋಗದಲ್ಲಿ ಭಾಷೆಯ ಬಳಕೆಗೇ ಮೀಸಲಾದ ಪಾಠವಿದೆ. ಅಬೆರಿಸ್ಟ್ವಿತ್ ವಿಶ್ವವಿದ್ಯಾಲಯದಲ್ಲಿ ‘ಕಮ್ರೈಗ್ ಪ್ರೊಫೆಸಿಯನೊಲ್’ (ವೃತ್ತಿಪರ ವೆಲ್ಷ್) ಎಂಬ ಪದವಿಯೇ ಇದೆ.

ಇಷ್ಟೊಂದು ಕಚೇರಿಗಳು ವೆಲ್ಷ್ ಬಲ್ಲ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವುದಕ್ಕೆ ಕಾನೂನೂ ಕಾರಣ. 2011ರ ವೆಲ್ಷ್ ಭಾಷಾ ಶಾಸನವು ಆ ಭಾಷೆಗೆ ವೇಲ್ಸ್‌ನಲ್ಲಿ ಅಧಿಕೃತ ಸ್ಥಾನ ನೀಡಿತು, ಭಾಷಾ ಆಯುಕ್ತರ ಹುದ್ದೆಯನ್ನು ಸ್ಥಾಪಿಸಿತು ಮತ್ತು ಸಾರ್ವಜನಿಕ ಸಂಸ್ಥೆಗಳು ಪಾಲಿಸಲೇಬೇಕಾದ ಭಾಷಾ ಮಾನದಂಡಗಳಿಗೆ ದಾರಿ ಮಾಡಿತು. ಈ ಮಾನದಂಡಗಳಿಗೆ ಒಳಪಟ್ಟ ಕಚೇರಿಗೆ ನಾಗರಿಕರೊಬ್ಬರು ವೆಲ್ಷ್‌ನಲ್ಲಿ ಪತ್ರ ಬರೆದರೆ ಉತ್ತರವನ್ನು ವೆಲ್ಷ್‌ನಲ್ಲಿಯೇ ಕೊಡಬೇಕು. ಜಾಲತಾಣ, ಅರ್ಜಿ ನಮೂನೆ, ಸೂಚನಾಫಲಕಗಳಿಗೂ ಇಂತಹ ನಿಯಮಗಳಿವೆ. ಕಾಗದದ ಮೇಲೆ ಭಾಷೆಗೆ ಸ್ಥಾನ ಕೊಟ್ಟು ಕಚೇರಿಯ ಕಡತಗಳಲ್ಲಿ ಅದನ್ನು ಮರೆಯುವುದು ಎಷ್ಟು ಸುಲಭವೆಂದು ಕನ್ನಡಿಗರಾದ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ದೂರು ಕೊಟ್ಟರೆ ತನಿಖೆ ನಡೆಸುವ ಅಧಿಕಾರ ಆಯುಕ್ತರಿಗಿರುವುದರಿಂದಲೇ ಇಲ್ಲಿ ಈ ಕೆಲಸಕ್ಕೆ ಬಲ ಬಂದಿದೆ.

ಆದರೆ ನಾನು ಬಹಳ ಒತ್ತಿ ಹೇಳಬೇಕೆಂದಿರುವ ಮಾತು ಬೇರೆ. ಹೊರಗೆ ಎರಡು ಭಾಷೆಗಳ ಫಲಕವಿರುವ ಕಚೇರಿಯ ಒಳಗಿನ ಮಾತೆಲ್ಲ ವೆಲ್ಷ್‌ನಲ್ಲಿ ನಡೆಯುತ್ತದೆಂದು ತಿಳಿಯಬಾರದು. ಅನೇಕ ಕಡೆ ಸಭೆಗಳೂ ಇಮೇಲ್‌ಗಳೂ ಇಂಗ್ಲಿಷ್‌ನಲ್ಲಿರುತ್ತವೆ. ಭಾಷಾಂತರದ ಮೇಜಿನಲ್ಲಿ ಮಾತ್ರ ವೆಲ್ಷ್ ಇರುತ್ತದೆ. ಅಂತಹ ಕಡೆ ಹೋದ ವಿದ್ಯಾರ್ಥಿ ದಿನವಿಡೀ ಒಬ್ಬಳೇ ಕುಳಿತು ಸಣ್ಣಪುಟ್ಟ ಪ್ರಕಟಣೆಗಳನ್ನು ಅನುವಾದಿಸಿ, ಯಾರೊಡನೆಯೂ ನಾಲ್ಕು ಮಾತು ವೆಲ್ಷ್ ಆಡದೆ ಮನೆಗೆ ಮರಳಬಹುದು. ಎರಡನೆಯ ಭಾಷೆಯವರಿಗೆ ಬೇಕಾಗಿರುವುದು ಅದಲ್ಲ. ತರಗತಿಯಲ್ಲಿ ಅವರು ತಪ್ಪಿಲ್ಲದ ವಾಕ್ಯವನ್ನು ಯೋಚಿಸಿ ಕಟ್ಟುವುದನ್ನು ಕಲಿತಿರುತ್ತಾರೆ. ಫೋನ್ ಬಾರಿಸಿದಾಗ, ಎದುರಿಗಿದ್ದವರು ಅವಸರದಲ್ಲಿರುವಾಗ, ಊಟದ ಹೊತ್ತಿನ ಹರಟೆಯಲ್ಲಿ ಯೋಚಿಸದೆ ಮಾತನಾಡುವುದು ಇನ್ನೂ ಬಂದಿರುವುದಿಲ್ಲ. ಅದನ್ನು ಕೊಡುವ ಸ್ಥಳವೇ ಒಳ್ಳೆಯ ಪ್ಲೇಸ್‌ಮೆಂಟ್, ಸಂಸ್ಥೆಯ ಹೆಸರು ಎಷ್ಟೇ ಚಿಕ್ಕದಿರಲಿ. ಉತ್ತರ ವೇಲ್ಸ್‌ನ ಗ್ವಿನೆಡ್ ಜಿಲ್ಲೆಯ ಕೌನ್ಸಿಲ್‌ನ ಆಂತರಿಕ ಆಡಳಿತ ವೆಲ್ಷ್‌ನಲ್ಲಿಯೇ ನಡೆಯುತ್ತದೆ. 2021ರ ಜನಗಣತಿಯ ಪ್ರಕಾರ ಆ ಜಿಲ್ಲೆಯಲ್ಲಿ ಶೇ. 64.4ರಷ್ಟು ಜನ ವೆಲ್ಷ್ ಬಲ್ಲವರು, ಇಡೀ ವೇಲ್ಸ್‌ನಲ್ಲಿಯಾದರೋ ಶೇ. 17.8 ಮಾತ್ರ.

ಆದ್ದರಿಂದ ಒಪ್ಪಿಕೊಳ್ಳುವ ಮುನ್ನ ತಂಡದ ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಮೇಲ್ವಿಚಾರಕರು ವೆಲ್ಷ್ ಮಾತನಾಡುವವರೇ, ಬರೆದದ್ದನ್ನು ತಿದ್ದಿ ಕಾರಣ ವಿವರಿಸುವವರು ಇದ್ದಾರೆಯೇ ಎಂದು ನಿಮ್ಮ ಮಗಳು ಕೇಳಲೇಬೇಕು. ಇನ್ನೊಂದು ವಿಷಯ: ಕಲಿಯುವವರು ತಡವರಿಸಿದೊಡನೆ ಎದುರಿನವರು ಸೌಜನ್ಯಕ್ಕಾಗಿ ಇಂಗ್ಲಿಷ್‌ಗೆ ತಿರುಗುವುದು ಇಲ್ಲಿ ರೂಢಿ. ‘ದಯವಿಟ್ಟು ನನ್ನೊಡನೆ ವೆಲ್ಷ್‌ನಲ್ಲಿಯೇ ಮಾತನಾಡಿ’ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಬಹುಮಟ್ಟಿಗೆ ಎಲ್ಲರೂ ಸಂತೋಷದಿಂದ ಒಪ್ಪುತ್ತಾರೆ. ಕೆಲವು ದಿನ ಕಳೆದ ಮೇಲೆ ಹೇಳುವುದು ಕಷ್ಟ, ಏಕೆಂದರೆ ಇಬ್ಬರ ನಡುವೆ ಒಮ್ಮೆ ನೆಲೆಗೊಂಡ ಭಾಷೆ ಸುಲಭವಾಗಿ ಬದಲಾಗುವುದಿಲ್ಲ.

ಉತ್ತರ — ನಿವೃತ್ತ ಅಧ್ಯಾಪಕ, ತುಮಕೂರು

ಮೇಲಿನ ಉತ್ತರ ಬರೆದ ತಾಯಿಗೆ ವಂದನೆಗಳು. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮಗನ ಮನೆಯಲ್ಲಿದ್ದುಕೊಂಡು ಕಾರ್ಡಿಫ್‌ನಲ್ಲಿ ವಯಸ್ಕರಿಗಾಗಿ ನಡೆಯುವ ವೆಲ್ಷ್ ತರಗತಿಯ ಮೊದಲ ಹಂತಕ್ಕೆ ಸೇರಿದ್ದೇನೆ. ಉದ್ಯೋಗದ ವಿಚಾರ ನನಗೆ ತಿಳಿಯದು, ವ್ಯಾಕರಣದ ಒಂದೆರಡು ಮಾತುಗಳನ್ನು ಮಾತ್ರ ಹೇಳುತ್ತೇನೆ.

ವೆಲ್ಷ್ ಕಲಿಯುವವರೆಲ್ಲ ಅಂಜುವುದು ಪದದ ಮೊದಲ ಅಕ್ಷರ ಮಾರ್ಪಡುವ ‘ಟ್ರೈಗ್ಲಾಡ್’ ನಿಯಮಗಳಿಗೆ. ಸೇತುವೆಗೆ ‘ಪೊಂಟ್’ ಎಂದರೆ, ‘ಅ’ ಎಂಬ ನಿರ್ದೇಶಕ ಪದದ (ಇಂಗ್ಲಿಷ್‌ನ ‘the’ ಇದ್ದಂತೆ) ನಂತರ ಬಂದಾಗ ಅದು ‘ಅ ಬೊಂಟ್’ ಆಗುತ್ತದೆ. ಬೆಕ್ಕಿನ ‘ಕಾಥ್’ ‘ಅ ಗಾಥ್’ ಆಗುತ್ತದೆ. ಪಟ್ಟಣದ ‘ಟ್ರೇವ್’ ‘ಅ ಡ್ರೇವ್’ ಆಗುತ್ತದೆ. ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂದು ಆದೇಶಸಂಧಿಯನ್ನು ಕಲಿತವರಿಗೆ ಕ, ತ, ಪ ವ್ಯಂಜನಗಳು ಗ, ದ, ಬ ಆಗುವುದು ಹೊಸತೇನಲ್ಲ. ವ್ಯತ್ಯಾಸವೂ ಇದೆ: ನಮ್ಮಲ್ಲಿ ಅದು ಸಮಾಸದೊಳಗಿನ ಕಾರ್ಯ, ಅಲ್ಲಿ ಪದದ ಲಿಂಗ, ಹಿಂದಿನ ಪದ, ವಾಕ್ಯದಲ್ಲಿ ಅದರ ಸ್ಥಾನ ಇವೆಲ್ಲ ಸೇರಿ ನಿರ್ಣಯಿಸುತ್ತವೆ. ಈ ಮಾರ್ಪಾಡುಗಳಲ್ಲಿ ಮೂರು ಬಗೆ: ಮೃದು ಮಾರ್ಪಾಡಿಗೆ ಒಳಗಾಗುವ ವ್ಯಂಜನಗಳು ಒಂಬತ್ತು, ಅನುನಾಸಿಕಕ್ಕೆ ಆರು, ಮಹಾಪ್ರಾಣವನ್ನು ಹೋಲುವ ಮೂರನೆಯ ಬಗೆಗೆ ಮೂರು. ನಿಮ್ಮ ಮಗಳಿಗೆ ಕನ್ನಡ ಓದಲು ಬರುವುದಾದರೆ ಸಂಧಿಯ ಪಾಠವನ್ನು ಒಮ್ಮೆ ತೋರಿಸಿ; ಕಿವಿ ಈ ಬದಲಾವಣೆಗೆ ಬೇಗ ಒಗ್ಗುತ್ತದೆಂಬುದು ನನ್ನ ನಂಬಿಕೆ.

ಗ್ರಾಂಥಿಕ ರೂಪಕ್ಕೂ ಆಡುಮಾತಿಗೂ ನಡುವಿನ ದೂರವೂ ನಮಗೆ ಪರಿಚಿತವಾದದ್ದೇ. ‘ನಾನು ಅಲ್ಲ’ ಎಂಬುದಕ್ಕೆ ಆಡುಮಾತಿನ ‘ದು ಈ ದಿಮ್’ ಒಂದು, ಗ್ರಂಥಗಳ ‘ನಿದ್ ವಿವ್’ ಇನ್ನೊಂದು. ಅಲ್ಲದೆ ಉತ್ತರ ವೇಲ್ಸ್‌ನವರು ಹಾಲಿಗೆ ‘ಲ್ಹೆವ್ರಿತ್’ ಎಂದರೆ ದಕ್ಷಿಣದವರು ‘ಲ್ಹೈತ್’ ಎನ್ನುತ್ತಾರೆ. ಮಂಗಳೂರು, ಧಾರವಾಡ, ಮೈಸೂರುಗಳ ಮಾತನ್ನು ಕೇಳಿ ಬೆಳೆದವರಿಗೆ ಇದು ಅಡ್ಡಿಯಾಗಲಾರದು.

ನನ್ನ ಒಂದು ಸೂಚನೆ: ಅಬೆರಿಸ್ಟ್ವಿತ್‌ನಲ್ಲಿ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯವಿದೆ. 1921ರಲ್ಲಿ ಕೆಲಸ ಆರಂಭವಾಗಿ, ಮೊದಲ ಆವೃತ್ತಿ 2002ರಲ್ಲಿ ಪೂರ್ಣಗೊಂಡ ವೇಲ್ಸ್ ವಿಶ್ವವಿದ್ಯಾಲಯದ ಮಹಾನಿಘಂಟಿನ ಊರೂ ಅದೇ. ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಬಲ್ಲವರಿಗೆ ಆ ಶ್ರಮ ಎಷ್ಟೆಂದು ತಿಳಿದೀತು. ಸಾಹಿತ್ಯಪ್ರೀತಿಯುಳ್ಳ ವಿದ್ಯಾರ್ಥಿನಿಯು ಅಂತಹ ವಿದ್ವತ್ತಿನ ವಾತಾವರಣದಲ್ಲಿ ಕೆಲಸ ಕಲಿಯುವುದು ಕಚೇರಿಯ ಪ್ರಕಟಣೆಗಳನ್ನು ಅನುವಾದಿಸುವುದಕ್ಕಿಂತ ಶ್ರೇಷ್ಠವಲ್ಲವೇ?

ಮರುಪ್ರಶ್ನೆ — ಕಾರ್ಡಿಫ್ ನಿವಾಸಿ

ಇಬ್ಬರಿಗೂ ಅನಂತ ಧನ್ಯವಾದಗಳು. ಸಂಧಿಯ ಮಾತನ್ನು ಮಗಳಿಗೆ ಓದಿ ಹೇಳಿದೆ, ಬಹಳ ಸಂತೋಷಪಟ್ಟಳು. ಅವಳ ಬರವಣಿಗೆ ಚೆನ್ನಾಗಿದೆಯೆಂದು ಶಿಕ್ಷಕರು ಹೇಳುತ್ತಾರೆ, ಮಾತನಾಡಲು ಮಾತ್ರ ಸಂಕೋಚಪಡುತ್ತಾಳೆ. ಗ್ವಿನೆಡ್ ಕಾರ್ಡಿಫ್‌ನಿಂದ ಬಹಳ ದೂರ. ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾಡುವ ಪ್ಲೇಸ್‌ಮೆಂಟ್ ಆದೀತೇ? ಮೇಷ್ಟ್ರು ಹೇಳಿದಂತೆ ಗ್ರಂಥಾಲಯದಂತಹ ಕಡೆ ಪ್ರಯತ್ನಿಸಬಹುದೇ?

ಉತ್ತರ — ಭಾಷಾ ಘಟಕದ ಉದ್ಯೋಗಿ

ಮೇಷ್ಟ್ರ ಮಾತಿಗೆ ನನ್ನ ಗೌರವವಿದೆ. ವಿದ್ವತ್ತಿನ ದಾರಿ ಹಿಡಿಯುವವರಿಗೆ ಹಸ್ತಪ್ರತಿ, ನಿಘಂಟುಗಳ ನಡುವಿನ ಕೆಲಸಕ್ಕೆ ಸಮನಾದದ್ದಿಲ್ಲ. ಆದರೆ ಬರವಣಿಗೆಯಲ್ಲಿ ಗಟ್ಟಿಯಾಗಿದ್ದು ಮಾತಿಗೆ ಸಂಕೋಚಪಡುವವಳಿಗೆ ಮೊದಲ ಪ್ಲೇಸ್‌ಮೆಂಟ್ ಜನರ ನಡುವೆಯೇ ಇರಬೇಕು. ಅದೇ ಕಾರಣಕ್ಕೆ ಆನ್‌ಲೈನ್ ಬೇಡವೆನ್ನುತ್ತೇನೆ.

ಉತ್ತರ ವೇಲ್ಸ್‌ಗೇ ಹೋಗಬೇಕೆಂದೇನೂ ಇಲ್ಲ. ಕಾರ್ಡಿಫ್‌ನಲ್ಲಿಯೇ ವೆಲ್ಷ್ ಮಾಧ್ಯಮದ ಶಾಲೆಗಳಿವೆ, ರೇಡಿಯೊ ಮತ್ತು ದೂರದರ್ಶನದ ಕಾರ್ಯಕ್ರಮಗಳನ್ನು ತಯಾರಿಸುವ ತಂಡಗಳಿವೆ. ‘ಮೆಂತರ್ ಯೈತ್’ ಎಂದು ಕರೆಯುವ ಸ್ಥಳೀಯ ಭಾಷಾ ಸಂಸ್ಥೆಗಳು ಬಹುತೇಕ ಎಲ್ಲ ಜಿಲ್ಲೆಗಳಲ್ಲಿಯೂ ಇವೆ. ಇವುಗಳಲ್ಲಿ ಮಕ್ಕಳ ಆಟಕೂಟ ನಡೆಸುವುದು, ಊರಿನ ಹಬ್ಬಕ್ಕೆ ಜನರನ್ನು ಕರೆಯುವುದು ಮುಂತಾದ ಕೆಲಸಗಳಿರುತ್ತವೆ. ಬಾಯಿ ಬಿಡದೆ ಅವು ಸಾಗುವುದೇ ಇಲ್ಲ. ಮಕ್ಕಳಂತೂ ವ್ಯಾಕರಣ ನೋಡುವುದಿಲ್ಲ, ಉತ್ತರ ಬೇಕೆಂದು ಕಾಯುತ್ತಾರೆ. 1922ರಲ್ಲಿ ಆರಂಭವಾದ ಉರ್ದ್ ಎಂಬ ಯುವಜನ ಸಂಘಟನೆಯ ಶಿಬಿರಗಳೂ ಇದಕ್ಕೆ ಒಳ್ಳೆಯವು. ಹೋಗುವ ಮುನ್ನ ಲ್ಹೀನ್ ಪರ್ಯಾಯದ್ವೀಪದ ನಾಂಟ್ ಗುರ್ಥೈರ್ನ್‌ನಲ್ಲಿ ನಡೆಯುವ ವಸತಿ ಶಿಬಿರಕ್ಕೆ ಸೇರಿದರೆ ಸಂಕೋಚ ಬಹಳಷ್ಟು ಕಡಿಮೆಯಾಗುತ್ತದೆ. ಜನ ತೊರೆದುಹೋಗಿದ್ದ ಕಲ್ಲುಗಣಿಯ ಹಳ್ಳಿಯೊಂದನ್ನು ಮತ್ತೆ ಎಬ್ಬಿಸಿ ಭಾಷಾ ಕೇಂದ್ರವಾಗಿ ಮಾಡಿದ ಸ್ಥಳವದು. ಬೆಳಿಗ್ಗೆಯಿಂದ ರಾತ್ರಿಯವರೆಗೆ ವೆಲ್ಷ್ ಕಿವಿಗೆ ಬೀಳುತ್ತಿರುತ್ತದೆ.

ಕಚೇರಿಯ ಬರವಣಿಗೆಯ ವಿಷಯದಲ್ಲಿ ಒಂದು ಸಮಾಧಾನ. ಇಂದಿನ ಆಡಳಿತ ಭಾಷೆ ಅತಿಯಾದ ಗ್ರಾಂಥಿಕ ಶೈಲಿಯಲ್ಲಿರಬಾರದು, ಸಾಮಾನ್ಯ ಓದುಗರಿಗೆ ತಿಳಿಯುವ ‘ಕಮ್ರೈಗ್ ಕ್ಲೀರ್’ ಆಗಿರಬೇಕು ಎಂಬ ಮಾರ್ಗಸೂಚಿ ಬ್ಯಾಂಗರ್ ವಿಶ್ವವಿದ್ಯಾಲಯದ ಕೇಂದ್ರದಿಂದಲೇ ಬಂದಿದೆ. ಅಲ್ಲಿಯೇ ಸಿದ್ಧವಾದ ಕಸಿಲ್ ಎಂಬ ತಂತ್ರಾಂಶ ಕಾಗುಣಿತದ ಜೊತೆಗೆ ಟ್ರೈಗ್ಲಾಡ್ ದೋಷಗಳನ್ನೂ ತೋರಿಸುತ್ತದೆ. ಅನುಭವಿಗಳೂ ಅದನ್ನು ಬಳಸುತ್ತಾರೆ.

ಉತ್ತರ — ಸ್ವಾನ್ಸೀ ಕನ್ನಡಿಗ

ನನ್ನ ಮಗನೂ ಎರಡನೆಯ ಭಾಷೆಯ ದಾರಿಯಿಂದಲೇ ಈ ಪದವಿ ಮುಗಿಸಿದವನು, ಆದ್ದರಿಂದ ತಂದೆಯವರ ಪ್ರಶ್ನೆಗೆ ಉತ್ತರಿಸುತ್ತೇನೆ. ಇಲ್ಲಿಯ ಉದ್ಯೋಗ ಪ್ರಕಟಣೆಗಳಲ್ಲಿ ವೆಲ್ಷ್ ‘ಅತ್ಯಗತ್ಯ’ ಅಥವಾ ‘ಅಪೇಕ್ಷಣೀಯ’ ಎಂಬ ಉಲ್ಲೇಖವನ್ನು ನೋಡಿ. ಮೊದಲನೆಯ ಬಗೆಯ ಹುದ್ದೆಗಳು ಕೌನ್ಸಿಲ್, ಆರೋಗ್ಯ ಮಂಡಳಿ, ಮಾಧ್ಯಮ, ಶಿಕ್ಷಣ ಎಲ್ಲೆಡೆ ಬರುತ್ತಿರುತ್ತವೆ, ಅರ್ಹರು ಮಾತ್ರ ಕಡಿಮೆ. ಭಾಷಾಂತರಕ್ಕೆ ಹೋಗುವವರು ವೇಲ್ಸ್‌ನ ಭಾಷಾಂತರಕಾರರ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬೆಲೆ ಹೆಚ್ಚುತ್ತದೆ. ನನ್ನ ಮಗ ಪ್ಲೇಸ್‌ಮೆಂಟ್ ಅನ್ನು ಒಂದು ಶಾಲೆಯಲ್ಲಿ ಮಾಡಿದ ಮೇಲೆ ಶಿಕ್ಷಕನಾಗುವ ಮನಸ್ಸು ಮಾಡಿ ಒಂದು ವರ್ಷದ ಪಿಜಿಸಿಇ ತರಬೇತಿ ಪಡೆದ.

ಸರ್ಕಾರ 2050ರ ಹೊತ್ತಿಗೆ ಹತ್ತು ಲಕ್ಷ ವೆಲ್ಷ್ ಭಾಷಿಕರಿರಬೇಕೆಂಬ ಗುರಿಯನ್ನು 2017ರಲ್ಲಿ ಪ್ರಕಟಿಸಿತು. ಆದರೆ ಜನಗಣತಿಯಲ್ಲಿ ಸಂಖ್ಯೆ 2011ರ ಸುಮಾರು 5,62,000ದಿಂದ 2021ಕ್ಕೆ ಸುಮಾರು 5,38,000ಕ್ಕೆ ಇಳಿದಿದೆ. ಮನೆಮಾತಿನವರಿಂದಷ್ಟೇ ಆ ಗುರಿ ಮುಟ್ಟಲಾಗದು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ವೆಲ್ಷ್ ಕಲಿಸುವವರು ಬೇಕೇ ಬೇಕು, ಮತ್ತು ತಾವೇ ಹಾಗೆ ಕಲಿತವರಿಗೆ ಆ ಮಕ್ಕಳು ಎಲ್ಲಿ ಎಡವುತ್ತಾರೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಹಣದ ವಿಷಯದಲ್ಲಿ, ವೆಲ್ಷ್ ಮಾಧ್ಯಮದ ಉನ್ನತ ಶಿಕ್ಷಣಕ್ಕಾಗಿ 2011ರಲ್ಲಿ ಸ್ಥಾಪನೆಯಾದ ಕೋಲೆಗ್ ಕಮ್ರೈಗ್ ಕೆನೆಡ್ಲೈಥೋಲ್ ಸಂಸ್ಥೆಯ ವಿದ್ಯಾರ್ಥಿವೇತನಗಳನ್ನು ಪರಿಶೀಲಿಸಿ. ಅದು ನಡೆಸುವ ಭಾಷಾ ಕೌಶಲ ಪ್ರಮಾಣಪತ್ರದ ಪರೀಕ್ಷೆಯನ್ನೂ ಮಗಳು ಬರೆಯಲಿ; ವೆಲ್ಷ್‌ನಲ್ಲಿ ಕೆಲಸ ಮಾಡಬಲ್ಲಳೆಂಬುದಕ್ಕೆ ಅದು ಪುರಾವೆ. ಪದವಿಗೆ ಮುಂಚಿನ ಬೇಸಿಗೆಯಲ್ಲಿ ರಾಷ್ಟ್ರೀಯ ವೆಲ್ಷ್ ಕಲಿಕಾ ಕೇಂದ್ರದ ತರಗತಿಗಳೂ ಉಪಯುಕ್ತ. ಹದಿನಾರರಿಂದ ಇಪ್ಪತ್ತೈದು ವರ್ಷದವರಿಗೆ ಅವು ಉಚಿತ.

ವಿಶ್ವವಿದ್ಯಾಲಯಗಳ ಮುಕ್ತ ದಿನಕ್ಕೆ ಹೋದಾಗ, ಎರಡನೆಯ ಭಾಷೆಯವರನ್ನು ಪ್ಲೇಸ್‌ಮೆಂಟ್‌ಗೆ ಎಲ್ಲೆಲ್ಲಿಗೆ ಕಳುಹಿಸಿದ್ದೀರಿ ಎಂದು ವಿಭಾಗದವರನ್ನೇ ಕೇಳಿ. ಸಾಧ್ಯವಾದರೆ ಆ ಪ್ರಶ್ನೆಯನ್ನು ಮಗಳೇ ವೆಲ್ಷ್‌ನಲ್ಲಿ ಕೇಳಲಿ.